ತೋಟದ ಲೆಕ್ಕಕ್ಕೆ ಅಡಿಗೆಮನೆಯನ್ನೂ ಸೇರಿಸಿ

ಅಡಿಕೆಗೆ ಇವತ್ತು ಎಷ್ಟು ರೇಟು ಅಂತ ನಮ್ಮಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತು ಎಷ್ಟು ಹೋಯಿತು, ಕೊಯ್ಲಿಗೆ ಮಜೂರಿ ಎಷ್ಟಾಯಿತು ಎಂಬುದೂ ಬಾಯಿಪಾಠ. ಆದರೆ ಮನೆಯ ಊಟಕ್ಕೆ ತಿಂಗಳಿಗೆ ಎಷ್ಟು ಬೇಕು, ಅದರಲ್ಲಿ ತೋಟದ್ದು ಎಷ್ಟು, ಅಂಗಡಿಯದ್ದು ಎಷ್ಟು ಅಂತ ಕೇಳಿ ನೋಡಿ. "ಅದೆಲ್ಲ ಮನೆಯವಳಿಗೆ ಗೊತ್ತು" ಎಂಬ ಉತ್ತರ ಬರುತ್ತದೆ. ಮನೆಯವಳ ಹತ್ತಿರವೂ ಬರೆದಿಟ್ಟ ಲೆಕ್ಕ ಇರುವುದು ಅಪರೂಪ.

ಅಡಿಕೆಯ ಹಣ ವರ್ಷದಲ್ಲಿ ಎರಡೋ ಮೂರೋ ಸಲ ಕೈಗೆ ಬರುತ್ತದೆ. ಅಡಿಗೆಮನೆಯ ಖರ್ಚು ದಿನಾ ಉಂಟು. ಈ ಎರಡರ ನಡುವಿನ ಅಂತರ ಅಂಗಡಿಯ ಸಾಲದ ಪುಸ್ತಕದಲ್ಲಿ ತುಂಬುತ್ತದೆ. ರೇಟು ಏರುವವರೆಗೆ ಅಡಿಕೆ ಇಟ್ಟುಕೊಳ್ಳಲು ಆಗದೆ ಅರ್ಜೆಂಟಿಗೆ ಮಾರುವುದು ಹೆಚ್ಚಿನ ಸಣ್ಣ ಮನೆಗಳಲ್ಲಿ ಈ ಪುಸ್ತಕದ ದೆಸೆಯಿಂದಲೇ. ಹಾಗಾಗಿ ಅಡಿಗೆಮನೆಯ ಲೆಕ್ಕ ತೋಟದ ಲೆಕ್ಕದಿಂದ ಬೇರೆಯಲ್ಲ. ನಮ್ಮ ಮನೆಯಲ್ಲಿ ಎರಡು ವರ್ಷ ಇದನ್ನು ಬರೆದಿಟ್ಟಿದ್ದೇನೆ. ಅದರಲ್ಲಿ ಕಂಡದ್ದನ್ನು ಇಲ್ಲಿ ಹೇಳುತ್ತೇನೆ.

ನಮ್ಮದು ಸುಳ್ಯದ ಕಡೆಯ ಹಳ್ಳಿ. ಒಂದೂವರೆ ಎಕ್ರೆ ಅಡಿಕೆ, ಇಪ್ಪತ್ತು ತೆಂಗು, 25 ಸೆಂಟ್ಸ್ ಗದ್ದೆ, ಒಂದು ಹಾಲು ಕೊಡುವ ದನ, ಒಂದು ಗಡಸು, ಒಂದು ಕರು. ಮನೆಯಲ್ಲಿ ಅತ್ತೆ, ನಮ್ಮವರು, ನಾನು, ಪಿಯುಸಿ ಓದುವ ಮಗಳು, ಎಂಟನೇ ಕ್ಲಾಸಿನ ಮಗ. ಎಲೆಚುಕ್ಕಿ ರೋಗ ಬಂದ ಮೇಲೆ ಅಡಿಕೆಯ ಉತ್ಪತ್ತಿ ಅರ್ಧಕ್ಕೆ ಇಳಿದಿದೆ. ಮಗಳ ಫೀಸು ಕಟ್ಟುವುದು ಜೂನಿನಲ್ಲಿ, ಕೈಯಲ್ಲಿ ಹಣ ಅತಿ ಕಮ್ಮಿ ಇರುವುದೂ ಜೂನಿನಲ್ಲೇ. ಲೆಕ್ಕ ಬರೆಯಲು ಇದೇ ಕಾರಣ.

ಪುಸ್ತಕ ಹೇಗಿರಬೇಕು?

ಮಕ್ಕಳ ಹಳೆಯ ನೋಟುಪುಸ್ತಕ ಸಾಕು. ನಾಲ್ಕು ಕಾಲಂ: ತಾರೀಕು, ವಸ್ತು ಮತ್ತು ತೂಕ, ಎಲ್ಲಿಂದ ಬಂತು, ಬೆಲೆ. ಅಂಗಡಿಯಿಂದ ತಂದದ್ದನ್ನು ಬರೆಯುವುದು ಸುಲಭ. ಮುಖ್ಯ ಸಂಗತಿ ಏನೆಂದರೆ ತೋಟದಿಂದ ತಂದದ್ದನ್ನೂ ಬರೆಯಬೇಕು. ಅದಕ್ಕೆ ಸಂತೆಯ ಅಂದಿನ ರೇಟು ಹಾಕಬೇಕು. ಎರಡು ತೆಂಗಿನಕಾಯಿ, ಅರ್ಧ ಕಿಲೋ ಹರಿವೆ, ಒಂದೂವರೆ ಲೀಟರ್ ಹಾಲು ಹೀಗೆ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಐದು ನಿಮಿಷದ ಕೆಲಸ. ನಮ್ಮಲ್ಲಿ ಮಗನೇ ಬರೆಯುತ್ತಾನೆ. ನಾನು ಹೇಳುತ್ತಾ ಹೋಗುತ್ತೇನೆ.

2023ರ ಜೂನಿನಿಂದ 2024ರ ಮೇ ತನಕ ನಮ್ಮ ತೋಟ, ಹಟ್ಟಿಗಳಿಂದ ಅಡಿಗೆಮನೆಗೆ ಬಂದದ್ದು ಇಷ್ಟು:

ಹಾಲು 450 ಲೀಟರ್ — 18,000 ರೂ.
ಅಡಿಗೆಗೆ ತೆಂಗಿನಕಾಯಿ 700 — 10,500 ರೂ.
ಎಣ್ಣೆಗೆ ತೆಂಗಿನಕಾಯಿ 500 — 7,500 ರೂ.
ತರಕಾರಿ, ಸೊಪ್ಪು 450 ಕಿಲೋ — 18,000 ರೂ.
ಬಾಳೆಹಣ್ಣು, ಹಲಸು, ಕಾಳುಮೆಣಸು, ಪುನರ್ಪುಳಿ ಇತ್ಯಾದಿ — 9,000 ರೂ.
ಒಟ್ಟು 63,000 ರೂ.

ಇದರಲ್ಲಿ ದನದ ಹಿಂಡಿ, ಬೀಜ, ಎಣ್ಣೆ ಗಾಣದ ಮಜೂರಿ ಅಂತ 15,000 ಕಳೆದರೆ ಉಳಿದದ್ದು 48,000. ತಿಂಗಳಿಗೆ 4,000 ರೂಪಾಯಿ. ಅದೇ ವರ್ಷ ಅಡಿಕೆಯಲ್ಲಿ ಖರ್ಚು ಕಳೆದು ಕೈಗೆ ಸಿಕ್ಕಿದ್ದು 1,70,000. ಅಂದರೆ ಬೆಳೆ ಅಂತ ಯಾರೂ ಲೆಕ್ಕಕ್ಕೆ ಹಿಡಿಯದ ಈ "ಅಡಿಗೆಮನೆ ಬೆಳೆ", ಅಡಿಕೆಯ ನಿವ್ವಳದ ಕಾಲು ಭಾಗಕ್ಕಿಂತ ಹೆಚ್ಚು. ಇದಕ್ಕೆ ಕೊಳೆರೋಗ ಇಲ್ಲ, ಕಮಿಷನ್ ಇಲ್ಲ, ರೇಟು ಬಿದ್ದರೆ ನಷ್ಟವೂ ಇಲ್ಲ. ಪುಸ್ತಕ ನೋಡಿದ ಮೇಲೆ ನಮ್ಮವರು ಬಚ್ಚಲಿನ ನೀರು ಹೋಗುವ ಕಡೆ ಇನ್ನೊಂದು ಬಸಳೆ ಚಪ್ಪರ ಹಾಕಿಕೊಟ್ಟರು. ಅದಕ್ಕೆ ಮೊದಲು ಕೇಳಿದರೆ "ಅಡಿಕೆ ಕೆಲಸ ಮುಗಿಯಲಿ" ಅನ್ನುತ್ತಿದ್ದರು.

ಅಂಗಡಿ ಖರ್ಚಿನ ಮೂರು ಪಾಲು

ಆ ವರ್ಷ ಅಂಗಡಿಗೆ ಹೋದ ಹಣ ತಿಂಗಳಿಗೆ ಸರಾಸರಿ 7,200 ರೂ. ಅದನ್ನು ಮೂರು ಪಾಲು ಮಾಡಿದೆವು.

ಒಂದನೆಯದು, ಕೊಳ್ಳದೆ ಬೇರೆ ದಾರಿಯಿಲ್ಲದ್ದು. ಅಕ್ಕಿ, ಬೆಲ್ಲ, ಸಕ್ಕರೆ, ಉಪ್ಪು, ಒಣಮೆಣಸು, ಕಾಫಿಹುಡಿ, ಸಾಬೂನು ಇತ್ಯಾದಿ. ಇದಕ್ಕೆ 3,570 ರೂ. ಇದರಲ್ಲಿ ಕೈಹಾಕಲಿಲ್ಲ.

ಎರಡನೆಯದು, ಇಲ್ಲೇ ಆಗಬಹುದಾದರೂ ಪೇಟೆಯಿಂದ ಬರುವಂಥದ್ದು. ತರಕಾರಿಗೆ 900, ಬೇಕರಿ ಮತ್ತು ಪ್ಯಾಕೆಟ್ ತಿಂಡಿಗೆ 850, ಕರಿಯಲು ಸೂರ್ಯಕಾಂತಿ ಎಣ್ಣೆಗೆ 480, ಗ್ಯಾಸ್ ಸಿಲಿಂಡರಿಗೆ 900.

ಮೂರನೆಯದು, ನಿಜವಾಗಿ ಇನ್ನೂ ಹೆಚ್ಚು ಕೊಳ್ಳಬೇಕಾದ್ದು. ಬೇಳೆಕಾಳು. ಇದಕ್ಕೆ ಹೋಗುತ್ತಿದ್ದದ್ದು ಬರೇ 500.

ಮುಂದಿನ ವರ್ಷ ತರಕಾರಿ 350ಕ್ಕೆ, ಪ್ಯಾಕೆಟ್ ತಿಂಡಿ 300ಕ್ಕೆ, ಎಣ್ಣೆ 150ಕ್ಕೆ, ಗ್ಯಾಸು 330ಕ್ಕೆ ಇಳಿಯಿತು. ಬೇಳೆಕಾಳು 900ಕ್ಕೆ ಏರಿತು. ಒಟ್ಟು 5,600. ತಿಂಗಳಿಗೆ 1,600ರಂತೆ ವರ್ಷಕ್ಕೆ 19,200 ರೂ. ಉಳಿಯಿತು. ಮಗಳ ಎರಡನೇ ವರ್ಷದ ಫೀಸಿನ ದೊಡ್ಡ ಪಾಲು ಇದರಲ್ಲೇ ಆಯಿತು. ಆ ಜೂನಿನಲ್ಲಿ ಅಡಿಕೆ ಅರ್ಜೆಂಟಿಗೆ ಮಾರಲಿಲ್ಲ.

ಮಳೆಗಾಲದ ದಾಸ್ತಾನು

ತರಕಾರಿಗೆ ಹಣ ಹೋಗುವುದು ಹೆಚ್ಚಾಗಿ ಜೂನ್‌ನಿಂದ ಆಗಸ್ಟ್ ತನಕ. ಮಳೆಗೆ ಕೈತೋಟ ಕೊಳೆಯುತ್ತದೆ, ಪೇಟೆಯಲ್ಲಿ ರೇಟು ಏರುತ್ತದೆ. ಆದ ಕಾರಣ ಮಳೆಗಾಲದ ತರಕಾರಿಯ ಕೆಲಸ ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲೇ ಆಗಬೇಕು. ಇದು ಹಿಂದಿನವರಿಗೆ ಗೊತ್ತಿದ್ದದ್ದೇ. ನಾನು ಅತ್ತೆಯವರಿಂದ ಕಲಿತದ್ದು ಇವು:

ಉಪ್ಪುಸೊಳೆ: ಬೆಳೆದ, ಹಣ್ಣಾಗದ ಹಲಸಿನಕಾಯಿಯ ಸೊಳೆ ಬಿಡಿಸಿ ಬೀಜ ತೆಗೆಯಬೇಕು. ಐದು ಪಾಲು ಸೊಳೆಗೆ ಒಂದು ಪಾಲು ಕಲ್ಲುಪ್ಪು. ಒಣಗಿದ ಭರಣಿಯಲ್ಲಿ ಒಂದು ವರಸೆ ಸೊಳೆ, ಒಂದು ವರಸೆ ಉಪ್ಪು ಹಾಕಿ ಒತ್ತಿ ತುಂಬಿಸಿ, ಬಾಡಿಸಿದ ಬಾಳೆಲೆ ಮುಚ್ಚಿ, ಮೇಲಿನಿಂದ ತೊಳೆದ ಕಲ್ಲು ಹೇರಬೇಕು. ಎರಡು ಮೂರು ದಿನದಲ್ಲಿ ಸೊಳೆ ತಾನೇ ನೀರು ಬಿಡುತ್ತದೆ. ಸೊಳೆ ಯಾವಾಗಲೂ ಆ ನೀರಿನ ಅಡಿಯಲ್ಲೇ ಇರಬೇಕು. ತೆಗೆಯುವಾಗ ಒದ್ದೆ ಕೈ ಹಾಕಬಾರದು. ಅಡಿಗೆಗೆ ಬೇಕಾದಷ್ಟನ್ನು ಹಿಂದಿನ ದಿನವೇ ನೀರಿನಲ್ಲಿ ಹಾಕಿ ಎರಡು ಮೂರು ಸಲ ನೀರು ಬದಲಿಸಿದರೆ ಉಪ್ಪು ಬಿಡುತ್ತದೆ. ರಕ್ತದೊತ್ತಡ ಇದ್ದವರಿಗೆ ಇದು ಹೇಳಿದ ಪದಾರ್ಥವಲ್ಲ. ನಮ್ಮ ಅತ್ತೆಯವರಿಗೆ ಆ ದಿನ ಬೇರೆ ಪಲ್ಯ.

ಸೌತೆಕಾಯಿ: ಗದ್ದೆ ಕೊಯ್ಲಾದ ಮೇಲೆ 10 ಸೆಂಟ್ಸಿನಲ್ಲಿ ಮಂಗಳೂರು ಸೌತೆ ಹಾಕುತ್ತೇವೆ. ಚೆನ್ನಾಗಿ ಬೆಳೆದು ಬಣ್ಣ ತಿರುಗಿದ ಕಾಯನ್ನು ತೊಟ್ಟು ಸಮೇತ ಕೊಯ್ಯಬೇಕು. ಗಾಯ ಆದದ್ದು, ನೆಲಕ್ಕೆ ಬಿದ್ದದ್ದು ದಾಸ್ತಾನಿಗೆ ಆಗದು, ಮೊದಲು ತಿಂದು ಮುಗಿಸಬೇಕು. ಉಳಿದದ್ದನ್ನು ಬಾಳೆಯ ನಾರಿನಲ್ಲಿ ಕಟ್ಟಿ ಅಟ್ಟದ ಅಡ್ಡೆಗೆ ತೂಗುಹಾಕಬೇಕು. ಒಂದಕ್ಕೊಂದು ತಾಗಬಾರದು. ಅಡಿಗೆ ಒಲೆಯ ಬಿಸಿ ಗಾಳಿ ಆಡುವ ಜಾಗ ಒಳ್ಳೆಯದು. ವಾರಕ್ಕೊಮ್ಮೆ ನೋಡಿ, ಮೆತ್ತಗಾದದ್ದನ್ನು ಅಂದೇ ಇಳಿಸಬೇಕು. ನಮ್ಮಲ್ಲಿ ಅರುವತ್ತು ಕಾಯಿ ತೂಗುಹಾಕಿದರೆ ಚೌತಿ ದಾಟಿ ಬರುತ್ತದೆ. ಕುಂಬಳಕಾಯಿ, ಬೂದುಗುಂಬಳವನ್ನೂ ಹೀಗೆಯೇ ಉಳಿಸಬಹುದು.

ಹಲಸಿನ ಬೀಜ: ಹಣ್ಣು ತಿಂದು ಬೀಜ ಎಸೆಯುವ ಮನೆಗಳು ಈಗ ಹೆಚ್ಚಾಗುತ್ತಿವೆ. ತೊಳೆದು, ನೆರಳಿನಲ್ಲಿ ಒಣಗಿಸಿ, ಕೆಂಪುಮಣ್ಣಿನ ರಾಡಿಯಲ್ಲಿ ಹೊರಳಿಸಿ ಮತ್ತೆ ಒಣಗಿಸಿಟ್ಟರೆ ಮಳೆಗಾಲಕ್ಕೆ ಆಗುತ್ತದೆ. ಒಣ ಹೊಯಿಗೆಯಲ್ಲಿ ಹೂತಿಟ್ಟರೂ ಸರಿ. ಹರಿವೆ ದಂಟು, ಸೌತೆಕಾಯಿ, ಬಸಳೆ ಯಾವುದರ ಜತೆಗೂ ಕೂಡುತ್ತದೆ.

ಪುನರ್ಪುಳಿ: ಸಿಪ್ಪೆ ಒಣಗಿಸಿ ಡಬ್ಬಿಯಲ್ಲಿಟ್ಟರೆ ವರ್ಷವಿಡೀ ಸಾರಿಗೆ ಹುಳಿ ಆಯಿತು. ಪೇಟೆಯ ಹುಣಿಸೆ ಅರ್ಧಕ್ಕೆ ಸಾಕಾಗುತ್ತದೆ.

ಮಳೆ ಸುರುವಾದ ಮೇಲೆ ತೋಟವೇ ಕೊಡುವಂಥದ್ದೂ ಉಂಟು. ಚಗತೆಯ ಎಳೆ ಸೊಪ್ಪು, ಕೆಸು, ಒಂದೆಲಗ, ಬಾಳೆದಿಂಡು, ಬಾಳೆಯ ಹೂ, ನಮ್ಮದೇ ಬಿದಿರಿನ ಕಣಿಲೆ. ಎರಡು ಎಚ್ಚರಿಕೆ. ಕೆಸುವನ್ನು ಹುಳಿ ಹಾಕಿ ಚೆನ್ನಾಗಿ ಬೇಯಿಸದಿದ್ದರೆ ಬಾಯಿ, ಗಂಟಲು ತುರಿಸುತ್ತದೆ. ಕಣಿಲೆಯಲ್ಲಿ ವಿಷದ ಅಂಶ ಇರುವ ಕಾರಣ ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿಟ್ಟು, ದಿನಾ ನೀರು ಚೆಲ್ಲಿ, ಮತ್ತೆ ಬೇಯಿಸಿಯೇ ತಿನ್ನಬೇಕು.

ಬೇಳೆಕಾಳಿಗೆ ಹೆಚ್ಚು ಕೊಟ್ಟದ್ದು ಯಾಕೆ?

ಖರ್ಚು ಇಳಿಸುವುದು ಅಂದರೆ ಎಲ್ಲವನ್ನೂ ಇಳಿಸುವುದಲ್ಲ. ನಮ್ಮ ಕಡೆಯ ಊಟದಲ್ಲಿ ಅನ್ನ ಧಾರಾಳ, ತೆಂಗಿನಕಾಯಿ ಧಾರಾಳ, ತರಕಾರಿಯೂ ತಕ್ಕಮಟ್ಟಿಗೆ ಉಂಟು. ಕಮ್ಮಿ ಇರುವುದು ಬೇಳೆಕಾಳು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ಒಂದು ದಿನದ ಊಟಕ್ಕೆ ಧಾನ್ಯ 250 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಬೇಳೆಕಾಳು 85 ಗ್ರಾಂ, ಹಾಲು 300 ಮಿಲಿಲೀಟರ್ ಅಂತ ಹೇಳಿದ್ದಾರೆ. ಮಾಂಸ, ಮೊಟ್ಟೆ ತಿನ್ನುವವರಿಗೆ ಬೇಳೆಯ ಪಾಲಿನಲ್ಲಿ ಸ್ವಲ್ಪ ಅದರಿಂದ ತುಂಬುತ್ತದೆ. ತಿನ್ನದ ನಮ್ಮಂಥವರಿಗೆ ಬೇಳೆಯೇ ಗತಿ.

85 ಗ್ರಾಮಿನಂತೆ ಐದು ಮಂದಿಗೆ ತಿಂಗಳಿಗೆ ಹನ್ನೆರಡೂಮುಕ್ಕಾಲು ಕಿಲೋ ಆಗುತ್ತದೆ. ನಮ್ಮ ಪುಸ್ತಕದಲ್ಲಿದ್ದದ್ದು 4 ಕಿಲೋ. ಈಗ 8 ಕಿಲೋಕ್ಕೆ ಬಂದಿದೆ, ಮೇಲಿನಿಂದ ಒಂದು ಕಿಲೋ ನೆಲಗಡಲೆ. ಎಲ್ಲವನ್ನೂ ಕೊಂಡದ್ದಲ್ಲ. ಸೌತೆ ಬಿಟ್ಟು ಉಳಿದ 15 ಸೆಂಟ್ಸ್ ಗದ್ದೆಯಲ್ಲಿ ಉದ್ದು, ಅಲಸಂಡೆ ಹಾಕಿದೆವು. 25 ಕಿಲೋದಷ್ಟು ಸಿಕ್ಕಿತು. ಅದು ತಿಂಗಳಿಗೆ ಎರಡು ಕಿಲೋ ಆಯಿತು. ಕೊಳ್ಳುವಾಗಲೂ ತೊಗರಿ ಒಂದನ್ನೇ ಹಿಡಿದುಕೊಳ್ಳದೆ ಹುರುಳಿ, ಕಡಲೆ, ಹೆಸರುಕಾಳು ಸೇರಿಸಿದರೆ ಅದೇ ಹಣಕ್ಕೆ ತೂಕ ಹೆಚ್ಚು ಬರುತ್ತದೆ. ಕಾಳನ್ನು ಮೊಳಕೆ ಬರಿಸಿದರೆ ಬೇಗ ಬೇಯುತ್ತದೆ, ಅಷ್ಟು ಗ್ಯಾಸು ಉಳಿಯಿತು.

ಜುಲೈ ತಿಂಗಳ ಒಂದು ವಾರ

"ಇಷ್ಟರಲ್ಲಿ ದಿನಾ ಎಂತ ಅಡಿಗೆ ಮಾಡುದು?" ಅಂತ ಕೇಳುವವರಿಗೆ ನಮ್ಮ ಪುಸ್ತಕದಿಂದ ಒಂದು ವಾರ ಬರೆಯುತ್ತೇನೆ. ಅನ್ನ, ಮಜ್ಜಿಗೆ ದಿನಾ ಇದ್ದೇ ಇದೆ.

ಸೋಮವಾರ: ಬೆಳಗ್ಗೆ ನೀರುದೋಸೆ, ಚಟ್ನಿ. ಮಧ್ಯಾಹ್ನ ಉಪ್ಪುಸೊಳೆ–ಕಡಲೆ ಸಾಂಬಾರು, ಒಂದೆಲಗದ ತಂಬುಳಿ. ರಾತ್ರಿ ಹುರುಳಿ ಸಾರು.
ಮಂಗಳವಾರ: ಉದ್ದಿನ ದೋಸೆ. ಸೌತೆಕಾಯಿ–ತೊಗರಿಬೇಳೆ ಹುಳಿ, ಹರಿವೆ ಪಲ್ಯ. ರಾತ್ರಿ ಪುನರ್ಪುಳಿ ಸಾರು, ಹಲಸಿನ ಬೀಜದ ಪಲ್ಯ.
ಬುಧವಾರ: ಹಿಂದಿನ ರಾತ್ರಿ ಬೇಯಿಸಿಟ್ಟ ಪತ್ರೊಡೆಗೆ ಒಗ್ಗರಣೆ. ಕಣಿಲೆ–ಹೆಸರುಕಾಳು ಗಸಿ. ರಾತ್ರಿ ಅದೇ ಗಸಿ, ಹಪ್ಪಳ.
ಗುರುವಾರ: ಅವಲಕ್ಕಿ, ಬಾಳೆಹಣ್ಣು. ಬಾಳೆದಿಂಡು–ಅಲಸಂಡೆಕಾಳು ಪಲ್ಯ, ಸಾರು. ರಾತ್ರಿ ಬೇಳೆ ತೊವ್ವೆ.
ಶುಕ್ರವಾರ: ಸೌತೆಕಾಯಿ ದೋಸೆ. ನುಗ್ಗೆಸೊಪ್ಪು–ತೊಗರಿಬೇಳೆ, ಲಿಂಬೆಹಣ್ಣು ಹಿಂಡಿದ್ದು. ರಾತ್ರಿ ಹುರುಳಿ ಚಟ್ನಿ.
ಶನಿವಾರ: ಗಂಜಿ, ಬೇಯಿಸಿದ ಹೆಸರುಕಾಳು, ಉಪ್ಪಿನಕಾಯಿ. ಮಧ್ಯಾಹ್ನ ಕೆಸುವಿನ ದಂಟಿನ ಹುಳಿ, ಚಗತೆ ಪಲ್ಯ. ರಾತ್ರಿ ಬೇಳೆ ಸಾರು.
ಆದಿತ್ಯವಾರ: ಮಕ್ಕಳು ಕೇಳಿದ್ದು. ಹೆಚ್ಚಾಗಿ ಪೂರಿ, ಇಲ್ಲದಿದ್ದರೆ ಬನ್ಸ್.

ಇದರಲ್ಲಿ ಕಾಳು ಅಥವಾ ಬೇಳೆ ಇಲ್ಲದ ದಿನವಿಲ್ಲ ಎಂಬುದನ್ನು ಗಮನಿಸಬೇಕು. ತರಕಾರಿ ಒಂದೂ ಪೇಟೆಯದ್ದಲ್ಲ. ಬೇರೆ ಸೀಮೆಯವರ ಪಟ್ಟಿ ಬೇರೆ ಇರುತ್ತದೆ. ಪಟ್ಟಿ ಮಾಡುವ ಕ್ರಮ ಮಾತ್ರ ಒಂದೇ: ಮೊದಲು ಮನೆಯಲ್ಲಿ ಏನುಂಟು ಅಂತ ನೋಡಿ, ಮತ್ತೆ ಏನು ಅಡಿಗೆ ಅಂತ ಗೊತ್ತುಮಾಡುವುದು. ಅಡಿಗೆ ಮೊದಲು ಗೊತ್ತುಮಾಡಿದರೆ ಚೀಲ ಹಿಡಿದು ಪೇಟೆಗೆ ಹೋಗುವುದೇ ಆಗುತ್ತದೆ.

ಆದಿತ್ಯವಾರದ ಪೂರಿ ಯಾಕೆ ಅಂತ ಕೇಳಬಹುದು. ಮಕ್ಕಳಿಗೆ ಎಲ್ಲದಕ್ಕೂ ಬೇಡ ಅಂದರೆ ಶಾಲೆಯ ಎದುರಿನ ಅಂಗಡಿಯಲ್ಲಿ ತಿನ್ನುತ್ತಾರೆ. ವಾರಕ್ಕೊಂದು ದಿನ ಅವರ ಮಾತು ನಡೆಯುತ್ತದೆ ಅಂತಾದರೆ ಉಳಿದ ಆರು ದಿನ ತಕರಾರು ಕಮ್ಮಿ. ಸಂಜೆ ಶಾಲೆಯಿಂದ ಬಂದಾಗ ಹಸಿವೆ ಜೋರು. ಆ ಹೊತ್ತಿಗೆ ಡಬ್ಬಿಯಲ್ಲಿ ಏನಾದರೂ ಇರಬೇಕು. ಹುರಿದ ನೆಲಗಡಲೆಗೆ ಬೆಲ್ಲ, ಬೇಯಿಸಿದ ಗೆಣಸು, ಸುಟ್ಟ ಹಲಸಿನ ಹಪ್ಪಳದೊಂದಿಗೆ ಕಾಯಿಚೂರು, ರಾಗಿ ಮಣ್ಣಿ. ಪ್ಯಾಕೆಟ್ ತಿಂಡಿ ಪೂರ್ತಿ ನಿಂತಿಲ್ಲ. ತಿಂಗಳಿಗೆ 300 ರೂಪಾಯಿಯೊಳಗೆ ಏನು ತರುವುದು ಅಂತ ಅವರೇ ತೀರ್ಮಾನಿಸುತ್ತಾರೆ. ಪುಸ್ತಕ ಬರೆಯುವವನು ಮಗನೇ ಆದ ಕಾರಣ ಹೆಚ್ಚು ಹೇಳಬೇಕಾಗಿಲ್ಲ.

ಒಲೆಯ ಖರ್ಚು

ಒಂದು ಘನಮೀಟರಿನ ಗೋಬರ್ ಗ್ಯಾಸ್ ಸ್ಥಾವರಕ್ಕೆ ದಿನಕ್ಕೆ ಸುಮಾರು 25 ಕಿಲೋ ಸೆಗಣಿ ಬೇಕು. ನಮ್ಮ ಮೂರು ಜಾನುವಾರಿಂದ ಅಷ್ಟು ಸಿಗುತ್ತದೆ. ಒಂದು ಘನಮೀಟರ್ ಗೋಬರ್ ಗ್ಯಾಸು ಅಂದಾಜು 430 ಗ್ರಾಂ ಸಿಲಿಂಡರ್ ಗ್ಯಾಸಿಗೆ ಸಮ. ತಿಂಗಳಿಗೆ ಲೆಕ್ಕ ಹಾಕಿದರೆ 13 ಕಿಲೋದ ಹತ್ತಿರ. ಸಿಲಿಂಡರಿನಲ್ಲಿರುವುದು 14.2 ಕಿಲೋ. ಮಾವನವರ ಕಾಲದ ಸ್ಥಾವರ ಹೂಳು ತುಂಬಿ ನಿಂತಿತ್ತು. ಹೂಳು ತೆಗೆಸಿ, ಪೈಪು, ಒಲೆ ಬದಲಿಸಲು 6,500 ರೂ. ಖರ್ಚು ಬಂತು. ಮಳೆಗಾಲದಲ್ಲಿ ಚಳಿಗೆ ಗ್ಯಾಸು ಕಮ್ಮಿ ಆಗುವ ಕಾರಣ ಸಿಲಿಂಡರ್ ಬಿಡಲು ಆಗುವುದಿಲ್ಲ. ತಿಂಗಳಿಗೊಂದು ಬೇಕಾಗುತ್ತಿದ್ದದ್ದು ಈಗ ಎರಡೂವರೆ ತಿಂಗಳಿಗೆ ಒಂದು. ಗ್ಯಾಸಿನ ಉಳಿತಾಯ ತಿಂಗಳಿಗೆ 570 ರೂ. ಆದ ಕಾರಣ ರಿಪೇರಿಯ ಖರ್ಚು ಒಂದು ವರ್ಷದೊಳಗೆ ಹುಟ್ಟಿತು. ಸ್ಲರಿ ಅಡಿಕೆಯ ಬುಡಕ್ಕೆ ಹೋಗುತ್ತದೆ.

ಕುಚ್ಚಲಕ್ಕಿಯ ಅನ್ನಕ್ಕೆ ಇನ್ನೊಂದು ಉಪಾಯ. ಅಕ್ಕಿ ಕುದಿ ಬಂದು ಹತ್ತು ಹದಿನೈದು ನಿಮಿಷ ಆದ ಮೇಲೆ ಮುಚ್ಚಳ ಭದ್ರ ಮಾಡಿ, ಬೈಹುಲ್ಲು ಒತ್ತಿ ತುಂಬಿದ ಮರದ ಪೆಟ್ಟಿಗೆಯೊಳಗೆ ಪಾತ್ರೆ ಇಟ್ಟು, ಮೇಲಿನಿಂದ ದಪ್ಪ ಗೋಣಿ ಹೊದಿಸಬೇಕು. ಒಂದೂವರೆ ಗಂಟೆ ಮುಟ್ಟಬಾರದು. ಅನ್ನ ತನ್ನ ಬಿಸಿಯಲ್ಲೇ ಬೇಯುತ್ತದೆ. ಪಾತ್ರೆಯಲ್ಲಿ ಅಕ್ಕಿ, ನೀರು ಮುಕ್ಕಾಲಾದರೂ ತುಂಬಿರಬೇಕು. ಕಮ್ಮಿ ಇದ್ದರೆ ಬಿಸಿ ನಿಲ್ಲುವುದಿಲ್ಲ. ಅಷ್ಟು ಹೊತ್ತು ಒಲೆಯ ಬುಡದಲ್ಲಿ ನಿಲ್ಲುವುದೂ ತಪ್ಪಿತು.

ಉಳಿತಾಯ ಯಾರ ಬಟ್ಟಲಿನಿಂದ?

ಇದು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿ. ಕಷ್ಟದ ವರ್ಷದಲ್ಲಿ ಮನೆ ಖರ್ಚು ಇಳಿಯುವುದು ಹೆಚ್ಚಾಗಿ ಯಾರಿಗೂ ಕಾಣದ ಹಾಗೆ, ಅಮ್ಮನ ಬಟ್ಟಲಿನಿಂದ. ಗಂಡಸರಿಗೆ ಬಡಿಸಿ, ಮಕ್ಕಳಿಗೆ ಬಡಿಸಿ, ಕೊನೆಗೆ ಕೂತಾಗ ಪಲ್ಯ ಮುಗಿದಿರುತ್ತದೆ, ಸಾರಿನ ತಿಳಿ ಇರುತ್ತದೆ. "ನನಗೆ ಉಪ್ಪಿನಕಾಯಿ ಸಾಕು" ಅನ್ನುವುದು ನಮಗೆಲ್ಲ ಅಭ್ಯಾಸ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ನೂರಕ್ಕೆ 48ರಷ್ಟು. ಅಂದರೆ ಹೆಚ್ಚುಕಮ್ಮಿ ಎರಡು ಮನೆಗೆ ಒಂದು ಅಡಿಗೆಮನೆಯಲ್ಲಿ ರಕ್ತ ಸಾಲದ ಹೆಂಗಸು ಅಡಿಗೆ ಮಾಡುತ್ತಿದ್ದಾಳೆ.

ನಾನೂ ಅವರಲ್ಲಿ ಒಬ್ಬಳು. ಪುಸ್ತಕ ಸುರು ಮಾಡಿದ ವರ್ಷ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.4 ಇತ್ತು. ಗರ್ಭಿಣಿಯಲ್ಲದ ಹೆಂಗಸಿಗೆ 12 ಇರಬೇಕು. ಡಾಕ್ಟರು ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಮಾತ್ರೆಯ ಜತೆಗೆ ಮನೆಯಲ್ಲಿ ಮೂರು ಬದಲಾವಣೆ ಮಾಡಿದೆವು. ಒಂದು, ಬೇಳೆ, ಪಲ್ಯಗಳನ್ನು ಬಡಿಸುವ ಮೊದಲೇ ಐದು ಪಾಲು ಮಾಡಿ ನನ್ನ ಪಾಲನ್ನು ಬೇರೆ ಬಟ್ಟಲಿಗೆ ತೆಗೆದಿಡುವುದು. ಎರಡು, ಸೊಪ್ಪು, ಕಾಳು ಇದ್ದ ದಿನ ಲಿಂಬೆಹುಳಿ ಹಿಂಡಿಕೊಳ್ಳುವುದು. ಸೊಪ್ಪಿನ ಕಬ್ಬಿಣಾಂಶ ದೇಹಕ್ಕೆ ಸೇರಲು ಅದು ಸಹಾಯ. ಮೂರು, ಊಟದ ಬೆನ್ನಿಗೇ ಚಾ, ಕಾಫಿ ಕುಡಿಯದಿರುವುದು. ಅದು ಕಬ್ಬಿಣಾಂಶ ಹಿಡಿಯಲು ಬಿಡುವುದಿಲ್ಲ. ಈಗ 11.8 ಇದೆ. ಸುಸ್ತು ಕಮ್ಮಿಯಾಗಿದೆ. ಆಗ ಹಟ್ಟಿಯಿಂದ ಹುಲ್ಲಿನ ಹೊರೆ ತರುವಾಗ ಎರಡು ಕಡೆ ಕೂರಬೇಕಾಗುತ್ತಿತ್ತು, ಈಗ ಬೇಡ. ಪಾಲು ತೆಗೆದಿಡುವ ಕೆಲಸ ಮಗಳದ್ದು. ಅವಳಿಗೂ ಇದು ಕಲಿಯಬೇಕಾದ ಪಾಠವೇ, ನಾಳೆ ಅವಳದ್ದೂ ಒಂದು ಬಟ್ಟಲು ಇರುತ್ತದಲ್ಲ.

ಹೊತ್ತಿಗೂ ಬೆಲೆ ಉಂಟು

ಇನ್ನೊಂದು ಮಾತು. ಮೇಲೆ ಹೇಳಿದ ಉಳಿತಾಯವೆಲ್ಲ ಯಾರದ್ದಾದರೂ ಕೈಕೆಲಸದಿಂದ ಬರಬೇಕು. ನೂರು ಸೊಳೆ ಬಿಡಿಸುವುದು, ಹಪ್ಪಳ ತಟ್ಟುವುದು, ಸೆಗಣಿ ಕಲಸುವುದು ಎಲ್ಲ ಒಬ್ಬಳ ತಲೆಗೇ ಬಂದರೆ ಅದು ಉಳಿತಾಯವಲ್ಲ, ಖರ್ಚನ್ನು ಹಣದಿಂದ ಮೈಗೆ ವರ್ಗ ಮಾಡಿದ್ದು. ಕೇಂದ್ರ ಸರಕಾರ 2019ರಲ್ಲಿ ಮಾಡಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆ ಅಂತ ಕಂಡುಬಂದಿದೆ. 2011ರ ಜನಗಣತಿಯಲ್ಲಿ ಮನೆಗೆಲಸ ಮಾತ್ರ ಮಾಡುವವರು ಕೆಲಸಗಾರರ ಲೆಕ್ಕಕ್ಕೇ ಬರಲಿಲ್ಲ.

ನಮ್ಮಲ್ಲಿ ಕೆಲಸ ಹೀಗೆ ಹಂಚಿದೆ. ಹಲಸಿನಕಾಯಿ ಕೊಯ್ದು ತುಂಡು ಮಾಡುವುದು ನಮ್ಮವರು. ಸೊಳೆ ಬಿಡಿಸಲು ರಾತ್ರಿ ಎಲ್ಲರೂ ಕೂರುತ್ತಾರೆ, ಎರಡು ರಾತ್ರಿಯಲ್ಲಿ ಭರಣಿ ತುಂಬುತ್ತದೆ. ಸೆಗಣಿ ಕಲಸಿ ಸ್ಥಾವರಕ್ಕೆ ಹಾಕುವುದು ಬೆಳಗ್ಗೆ ನಮ್ಮವರು, ರಜೆಯಲ್ಲಿ ಮಗ. ಅತ್ತೆಯವರು ಕೂತಲ್ಲೇ ಸೊಪ್ಪು ಸೋಸುತ್ತಾರೆ. ಸೌತೆ ತೂಗುಹಾಕುವುದೂ ಗಂಡಸರ ಕೆಲಸ.

ಹೊತ್ತು ಉಳಿಸುವ ಸಾಧನದಲ್ಲಿ ಕಂಜೂಸುತನ ಮಾಡಬಾರದು. ರುಬ್ಬುವ ಗ್ರೈಂಡರ್, ಕುಕ್ಕರ್ ಇವು ಅಡಿಕೆ ಸುಲಿಯುವ ಮೆಷಿನಿನಷ್ಟೇ ಅಗತ್ಯದ ಕೃಷಿ ಯಂತ್ರಗಳು ಅಂತ ನನ್ನ ಲೆಕ್ಕ. ಯಾವುದಾದರೂ ಮನೆತಿಂಡಿಗೆ ದಿನಕ್ಕೊಂದು ಗಂಟೆ ಬೇಕು, ಉಳಿಯುವುದು ಹತ್ತು ರೂಪಾಯಿ ಅಂತಾದರೆ ಅದನ್ನು ಕೊಳ್ಳುವುದೇ ಸರಿ. ಅದೇ ಹೊತ್ತಿನಲ್ಲಿ ಅಡಿಕೆ ಸುಲಿದರೆ ಅದಕ್ಕಿಂತ ಹೆಚ್ಚು ಹುಟ್ಟುತ್ತದೆ. ಈ ಲೆಕ್ಕ ಹಾಕಿಯೇ ನಾವು ಅಕ್ಕಿ ಹಪ್ಪಳ, ಸಂಡಿಗೆ ಮಾಡುವುದನ್ನು ಬಿಟ್ಟು ಹಲಸಿನ ಹಪ್ಪಳ ಮಾತ್ರ ಉಳಿಸಿಕೊಂಡದ್ದು.

ಸುರು ಮಾಡುವವರಿಗೆ

ಒಮ್ಮೆಗೇ ಎಲ್ಲ ಮಾಡಲು ಹೋಗಬೇಡಿ. ಮೊದಲ ಮೂರು ತಿಂಗಳು ಏನನ್ನೂ ಬದಲಿಸದೆ ಬರೆಯುವುದು ಮಾತ್ರ. ಮತ್ತೆ ಅಂಗಡಿ ಖರ್ಚನ್ನು ಮೂರು ಪಾಲು ಮಾಡಿ, ಎರಡನೇ ಪಾಲಿನಲ್ಲಿ ಅತಿ ದೊಡ್ಡದನ್ನು ಹಿಡಿದುಕೊಳ್ಳಿ. ಉಳಿದ ಹಣದಲ್ಲಿ ಸ್ವಲ್ಪವನ್ನು ಮೊದಲು ಬೇಳೆಕಾಳಿಗೆ ಹಾಕಿ. ವರ್ಷಕ್ಕೊಮ್ಮೆ ಅಡಿಕೆಯ ಲೆಕ್ಕ ನೋಡುವ ದಿನ ಈ ಪುಸ್ತಕವನ್ನೂ ಅದರ ಬದಿಯಲ್ಲಿಟ್ಟು ಮನೆಮಂದಿಯೆಲ್ಲ ಕೂತು ನೋಡಿ. ಹೆಂಗಸರು ರಕ್ತ ಪರೀಕ್ಷೆ ಮಾಡಿಸಿಕೊಂಡು ಆ ಅಂಕಿಯನ್ನೂ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ. ಹಣ ಉಳಿದು ಆ ಅಂಕಿ ಇಳಿದಿದ್ದರೆ ಉಳಿತಾಯ ತಪ್ಪು ಜಾಗದಿಂದ ಆಗಿದೆ ಅಂತ ಅರ್ಥ.

ಬಯಲುಸೀಮೆಯ ರಾಗಿ, ಜೋಳದ ಮನೆಗಳ ಲೆಕ್ಕ ಬೇರೆ ರೀತಿ ಇರಬಹುದು. ಒಕ್ಕಲಿಗೆ ಬೇಕಾದಷ್ಟು ನೀರಿಲ್ಲದ ಕಡೆ ಬೇಸಿಗೆಯೇ ನಮ್ಮ ಮಳೆಗಾಲದಂತೆ ಕಷ್ಟದ ಕಾಲ. ಅಲ್ಲಿಯ ಅಕ್ಕಂದಿರು ಆ ತಿಂಗಳುಗಳನ್ನು ಹೇಗೆ ದಾಟುತ್ತಾರೆ, ಏನನ್ನು ಒಣಗಿಸಿ ಇಡುತ್ತಾರೆ ಅಂತ ತೂಕ, ರೇಟು ಸಮೇತ ಬರೆದರೆ ನಮಗೆಲ್ಲ ಉಪಕಾರ.